ಗುರುತಿಸಿದರೆ ಉಳಿಯುವ ಜೀವಗಳು

ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ, ಗದ್ದೆಗಿಳಿದು ನೇಜಿ ನೆಟ್ಟವರಲ್ಲಿ ಕೆಲವರು ಜ್ವರದಿಂದ ಆಸ್ಪತ್ರೆ ಸೇರುತ್ತಾರೆ. ಇಲಿಜ್ವರವೇ ಎಂದು ನೋಡುತ್ತಾರೆ, ಡೆಂಗಿ ನೋಡುತ್ತಾರೆ, ಟೈಫಾಯ್ಡ್ ನೋಡುತ್ತಾರೆ. ಎಕ್ಸ್‌ರೇಯಲ್ಲಿ ಕಲೆ ಕಂಡರೆ, ಕಫದಲ್ಲಿ ರೋಗಾಣು ಸಿಗದಿದ್ದರೂ ಕ್ಷಯವೆಂದು ಮಾತ್ರೆ ಶುರುವಾಗುವುದುಂಟು. ಇಷ್ಟೆಲ್ಲ ಹುಡುಕುವಾಗಲೂ ಹಲವು ಕಡೆ ನೆನಪಿಗೇ ಬಾರದ ಕಾಯಿಲೆಯೊಂದಿದೆ: ಮೆಲಿಯಾಯ್ಡೋಸಿಸ್. ಅದು ನೆನಪಾಗದ ತಪ್ಪಿಗೆ ಜನ ಸಾಯುತ್ತಿದ್ದಾರೆ.

ಇದನ್ನು ತರುವ ಬರ್ಕೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬದುಕುತ್ತದೆ. ಕಾಲಿನ ಸಣ್ಣ ಗಾಯ ಸಾಕು, ಒಳಗೆ ಹೋಗಲು. ಗಾಳಿಮಳೆಯಲ್ಲಿ ಉಸಿರಿನ ಜೊತೆಗೂ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದವರನ್ನು ಎಲ್ಲರಿಗಿಂತ ಹೆಚ್ಚು ಹಿಡಿಯುತ್ತದೆ. ಒಬ್ಬರಲ್ಲಿ ನ್ಯುಮೋನಿಯಾದಂತೆ, ಮತ್ತೊಬ್ಬರಲ್ಲಿ ಯಕೃತ್ತು, ಗುಲ್ಮ, ಪ್ರಾಸ್ಟೇಟ್‌ಗಳಲ್ಲಿ ಕೀವಾಗಿ, ಇನ್ನೊಬ್ಬರಲ್ಲಿ ವಾಸಿಯಾಗದ ಕುರುವಾಗಿ ಕಾಣಿಸಿಕೊಳ್ಳುತ್ತದೆ. ಕಣ್ಣಿಂದ ನೋಡಿ ಹೇಳುವ ಕಾಯಿಲೆ ಇದಲ್ಲ. ರಕ್ತ, ಕೀವು, ಕಫ, ಮೂತ್ರವನ್ನು ಕಲ್ಚರ್‌ಗೆ ಹಾಕಿ ರೋಗಾಣುವನ್ನು ಬೆಳೆಸಿ ನೋಡಲೇಬೇಕು.

ಇದೇನು ನಿನ್ನೆ ಮೊನ್ನೆ ಹುಟ್ಟಿದ ರೋಗವೂ ಅಲ್ಲ. ಆಗ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ ಶವಪರೀಕ್ಷೆಗಳಲ್ಲಿ ಇದನ್ನು ಗುರುತಿಸಿ, 1912ರಲ್ಲಿ ವರದಿ ಮಾಡಿದ್ದರು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ಕಾಯಿಲೆ ಬಂದು, 89,000 ಜನ ಸಾಯುತ್ತಾರೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಆ ಹೊರೆಯ ದೊಡ್ಡ ಪಾಲು ದಕ್ಷಿಣ ಏಷ್ಯಾದ್ದು. ಉಡುಪಿ, ದಕ್ಷಿಣ ಕನ್ನಡದಲ್ಲಿ ಇದು ಇದೆಯೆಂಬುದಕ್ಕೆ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಾಣುಜೀವಿ ತಜ್ಞರು ವರ್ಷವರ್ಷವೂ ಸಾಕ್ಷಿ ಒದಗಿಸುತ್ತಾ ಬಂದಿದ್ದಾರೆ. ಹುಡುಕಿದಲ್ಲಿ ಸಿಗುತ್ತಿದೆ ಎಂದ ಮೇಲೆ, ಹುಡುಕದ ಊರುಗಳ ಬಗ್ಗೆ ನಾವು ನಿಶ್ಚಿಂತೆಯಿಂದ ಇರುವಂತಿಲ್ಲ.

ಕಲ್ಚರ್‌ಗೆ ಹಾಕಿದ ಮೇಲೂ ರೋಗಾಣು ಕೈತಪ್ಪಿ ಹೋಗುತ್ತದೆ. ನನಗೆ ಅತ್ಯಂತ ನೋವು ಕೊಡುವುದು ಇದೇ. ಮೊದಲ ದಿನ ತಟ್ಟೆಯಲ್ಲಿ ಕಾಣುವುದು ಚಿಕ್ಕ, ನುಣುಪಾದ ಕಾಲನಿಗಳು. ಒಣಗಿದಂತೆ ಸುಕ್ಕುಗಟ್ಟಿ ತಮ್ಮ ಗುರುತು ತೋರಲು ಅವಕ್ಕೆ ಇನ್ನೂ ಎರಡು ಮೂರು ದಿನ ಬೇಕು. ಅಷ್ಟರಲ್ಲಿ ತಟ್ಟೆ ಕಸಕ್ಕೆ ಹೋಗಿರುತ್ತದೆ. ಇಲ್ಲವೇ ‘ಸ್ಯೂಡೋಮೊನಾಸ್ ಜಾತಿ’ ಎಂದು ಬರೆದು ಮುಗಿಸಿರುತ್ತಾರೆ, ಹೊರಗಿನಿಂದ ಸೇರಿದ ಕಲಬೆರಕೆ ಎಂದು ತಳ್ಳಿಹಾಕಿರುತ್ತಾರೆ. ಲಕ್ಷಗಟ್ಟಲೆ ಬೆಲೆಯ ಸ್ವಯಂಚಾಲಿತ ಯಂತ್ರಗಳೂ ಕೆಲವೊಮ್ಮೆ ಇದಕ್ಕೆ ಹತ್ತಿರದ ಇನ್ನೊಂದು ರೋಗಾಣುವಿನ ಹೆಸರು ಕೊಡುತ್ತವೆ. ಆದರೆ ಸುಳಿವು ಸರಳವಾಗಿದೆ. ಆಕ್ಸಿಡೇಸ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಗ್ರಾಂ ನೆಗೆಟಿವ್ ರೋಗಾಣುವಿನ ಮೇಲೆ ಮೂರು ಔಷಧ ಬಿಲ್ಲೆಗಳನ್ನಿಟ್ಟು ನೋಡಿ: ಜೆಂಟಾಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಬಗ್ಗಿದರೆ ಮೆಲಿಯಾಯ್ಡೋಸಿಸ್ ಎಂದು ಶಂಕಿಸಲೇಬೇಕು, ದೊಡ್ಡ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು. ತಂತ್ರಜ್ಞರನ್ನು ದೂರುವುದು ಸುಲಭ. ರಕ್ತ, ಮೂತ್ರ, ಕಫ ಎಲ್ಲವನ್ನೂ ಒಂದಿಬ್ಬರೇ ನೋಡಬೇಕಾದ ಲ್ಯಾಬಿನಲ್ಲಿ, ಯಾರೂ ಹೇಳಿಕೊಡದ ರೋಗಾಣುವನ್ನು ಗುರುತಿಸಲಿಲ್ಲವೆಂದು ಅವರನ್ನು ಬೈಯುವುದು ಅನ್ಯಾಯ. ಹೇಳಿಕೊಡಬೇಕಾದವರು ನಾವು. ಈ ಅರಿವು ಅವರ ಸುರಕ್ಷತೆಗೂ ಬೇಕು. ತೆರೆದ ಮೇಜಿನ ಮೇಲೆ, ಮೂಸಿ ನೋಡಿ ಕೆಲಸ ಮಾಡುವ ರೋಗಾಣು ಇದಲ್ಲ.

ಹೆಸರು ತಪ್ಪಿದರೆ ಔಷಧವೂ ತಪ್ಪುತ್ತದೆ. ಪೆನಿಸಿಲಿನ್, ಆಂಪಿಸಿಲಿನ್, ಜೆಂಟಾಮೈಸಿನ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ಜ್ವರ ಎಂದೊಡನೆ ಕೊಡುವ ಸೆಫ್ಟ್ರಿಯಾಕ್ಸೋನ್ ಅನ್ನೂ ನೆಚ್ಚುವಂತಿಲ್ಲ. ಬೇಕಾದ್ದು ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್, ರಕ್ತನಾಳಕ್ಕೆ, ಕನಿಷ್ಠ ಹತ್ತರಿಂದ ಹದಿನಾಲ್ಕು ದಿನ. ಥಾಯ್ಲೆಂಡಿನ ಉಬೊನ್ ರಾಚತಾನಿಯಲ್ಲಿ ನಡೆದು 1989ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಳೆಯ ಔಷಧಗಳಿಂದ ಶೇ 74ರಷ್ಟಿದ್ದ ಸಾವು ಸೆಫ್ಟಾಜಿಡಿಮ್‌ನಿಂದ ಶೇ 37ಕ್ಕೆ ಇಳಿಯಿತು. ಆಸ್ಟ್ರೇಲಿಯಾದ ಡಾರ್ವಿನ್ನಿನಲ್ಲಿ 1989ರಿಂದ ಮೂವತ್ತು ವರ್ಷ ಪ್ರತಿ ರೋಗಿಯ ಲೆಕ್ಕ ಇಟ್ಟರು. ಬೇಗ ಗುರುತಿಸುವುದು, ಸರಿಯಾದ ಔಷಧ, ಒಳ್ಳೆಯ ಐಸಿಯು ಆರೈಕೆ ಜೊತೆಗೂಡಿ, ಮೊದಲ ಐದು ವರ್ಷಗಳಲ್ಲಿ ಶೇ 31 ಇದ್ದ ಸಾವು ಕೊನೆಯ ಐದು ವರ್ಷಗಳಲ್ಲಿ ಶೇ 6ಕ್ಕೆ ಬಂತು. ರೋಗಾಣು ಅದೇ. ಡಾರ್ವಿನ್ನಿನವರ ಜೀವಕ್ಕೆ ಇರುವ ಬೆಲೆ ಬೈಂದೂರಿನ ಗದ್ದೆಯವಳ ಜೀವಕ್ಕೆ ಇಲ್ಲವೇ?

ಜ್ವರ ಇಳಿದು ಮನೆಗೆ ಹೋದ ಮೇಲೂ ಕನಿಷ್ಠ ಮೂರು ತಿಂಗಳು ಕೋಟ್ರಿಮಾಕ್ಸಜೋಲ್ ಗುಳಿಗೆ ನುಂಗಬೇಕು. ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಕೂಲಿಗೆ ಹೋಗುವವರು ಆರಾಮಾದೆವೆಂದು ಗುಳಿಗೆ ಬಿಡುವುದು ಅವರ ಅಜ್ಞಾನದಿಂದಲ್ಲ, ಯಾರೂ ಕುಳಿತು ವಿವರಿಸದ್ದರಿಂದ.

ವೈದ್ಯರೇ, ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯವರೊಬ್ಬರು ಜ್ವರದಿಂದ ಬಳಲಿ ಬಂದರೆ ಮೊದಲ ಆ್ಯಂಟಿಬಯಾಟಿಕ್ ಕೊಡುವ ಮುನ್ನ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಿರಿ. ಮಾದರಿಯ ಚೀಟಿಯಲ್ಲಿ ‘ಮೆಲಿಯಾಯ್ಡೋಸಿಸ್ ಶಂಕೆ’ ಎಂದು ಬರೆಯಿರಿ. ಲ್ಯಾಬಿನವರು ತಟ್ಟೆಯನ್ನು ಇನ್ನಷ್ಟು ದಿನ ಕಾಯುವುದು ಆ ಎರಡು ಪದಗಳಿಂದ. ಒಮ್ಮೆ ಬೆಳೆಯದಿದ್ದರೆ ಮತ್ತೆ ಕಳಿಸಿ, ಏಕೆಂದರೆ ಒಂದು ಕಲ್ಚರ್ ಎಷ್ಟೋ ರೋಗಿಗಳಲ್ಲಿ ಇದನ್ನು ಹಿಡಿಯುವುದಿಲ್ಲ. ಸರ್ಕಾರವೇ, ಕಲ್ಚರ್ ಮಾಡುವ ಲ್ಯಾಬ್, ಅದನ್ನು ಓದಬಲ್ಲ ಸೂಕ್ಷ್ಮಾಣುಜೀವಿ ತಜ್ಞರು, ಈ ಔಷಧಗಳ ದಾಸ್ತಾನು ಎಲ್ಲ ಜಿಲ್ಲಾಸ್ಪತ್ರೆಯಲ್ಲೂ ಇರಲಿ. ಪ್ರತಿ ಪ್ರಕರಣವೂ ಲೆಕ್ಕಕ್ಕೆ ಬರಲಿ. ಲೆಕ್ಕಕ್ಕೆ ಬಾರದ ಸಾವಿಗೆ ಯಾವ ಬಜೆಟ್ಟಿನಲ್ಲೂ ಹಣ ಇರುವುದಿಲ್ಲ.

ರೋಗಿಯ ಪಕ್ಕ ಕೂತಿರುವ ಅಕ್ಕ, ಅಣ್ಣಂದಿರೇ, ಸಂಕೋಚ ಬೇಡ. ಕಲ್ಚರ್‌ಗೆ ಕಳಿಸಿದ್ದೀರಾ, ಯಾವ ರೋಗಾಣು ಬೆಳೆಯಿತು, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಡಾಕ್ಟರನ್ನು ಕೇಳಿ. ಉತ್ತರ ಪಡೆಯುವುದು ನಿಮ್ಮ ಹಕ್ಕು.