ಸಿಗಡಿಗೆ ಬೇಕಾದುದು ಔಷಧಿಯಲ್ಲ, ನೀರು

ರಾಮನಗರದ ಮೀನು ಮಾರುಕಟ್ಟೆಯಲ್ಲಿ ಸಿಗಡಿ ಕೊಳ್ಳುವ ನಮ್ಮ ಕರಾವಳಿಯ ಬಂಧುಗಳು ಅದರ ಹೊಳಪನ್ನು ಪರಿಶೀಲಿಸುತ್ತಾರೆ, ಬೆಲೆಗೆ ಚೌಕಾಸಿ ಮಾಡುತ್ತಾರೆ. ಅದು ಬೆಳೆದ ಕೊಳದ ಸ್ಥಿತಿಯನ್ನು ವಿಚಾರಿಸುವವರು ವಿರಳ.

1994-95ರಲ್ಲಿ ನೆಲ್ಲೂರಿನ ಸುತ್ತಮುತ್ತ ಬಿಳಿಚುಕ್ಕೆ ರೋಗವು ಕೊಳಕ್ಕೆ ಕೊಳವನ್ನೇ ಬರಿದುಮಾಡಿತು. ಅದು ವೈರಸ್ಸಿನ ರೋಗ. ಆಂಟಿಬಯಾಟಿಕ್ ಅದಕ್ಕೆ ನಾಟದು. 2009ರಲ್ಲಿ ರೋಗಮುಕ್ತ ತಾಯಿಸಿಗಡಿಗಳಿಂದ ಮರಿ ಪಡೆಯುವ ವನ್ನಾಮೈ ತಳಿಯು ಬಂದ ಮೇಲೆ ಉದ್ಯಮ ಚೇತರಿಸಿಕೊಂಡಿತು. ಆದರೆ ಶುದ್ಧ ಮರಿಯೂ ಹೊಲಸು ನೀರಿನಲ್ಲಿ ಬಾಳದು. ಮರಿಗಳು ಕಿಕ್ಕಿರಿದಷ್ಟೂ ಮೇವು ಹೆಚ್ಚು ಬೇಕು. ತಿಂದುಳಿದುದು ತಳದಲ್ಲಿ ಕೊಳೆತು ಅಮೋನಿಯಾ ಏರುತ್ತದೆ. ರಾತ್ರಿಯಲ್ಲಿ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ನೀರಿನ ಆಮ್ಲಜನಕ ಕ್ಷೀಣಿಸುತ್ತದೆ. ಬೆಳವಣಿಗೆ ಕುಂಠಿತವಾಗುವುದು ಇಲ್ಲಿಯೇ. ಕೃಷಿಕನಾದರೋ ಔಷಧಿಯ ಅಂಗಡಿಗೆ ಓಡುತ್ತಾನೆ!

ಸಾಲ ನೀಡುವ ನಾವೂ ಇದರಲ್ಲಿ ಪಾಲುದಾರರು. ಜಮೀನಿನ ದಾಖಲೆಯನ್ನು ನೋಡುವಷ್ಟೇ ನಿಷ್ಠುರವಾಗಿ ಮರಿಗಳ ಪಿ.ಸಿ.ಆರ್. ಪರೀಕ್ಷೆಯ ವರದಿಯನ್ನೂ, ಎಕರೆಗೆ ಬಿಡುವ ಮರಿಗಳ ಸಂಖ್ಯೆಯನ್ನೂ, ನೀರಿಗೆ ಗಾಳಿ ತುಂಬುವ ಯಂತ್ರಗಳನ್ನೂ ಬ್ಯಾಂಕುಗಳು ನೋಡತಕ್ಕದ್ದು. ಬೆಳೆ ಸತ್ತ ಮೇಲೆ ಅಡಮಾನದ ಭೂಮಿಯನ್ನು ಹರಾಜು ಹಾಕುವುದು ವಸೂಲಿಯೇ ಹೊರತು ಬ್ಯಾಂಕಿಂಗ್ ಎನಿಸದು.

ಯೂರೋಪಿಗೆ ಹೋಗುವ ಸಿಗಡಿಯಲ್ಲಿ ನಿಷೇಧಿತ ನೈಟ್ರೋಫ್ಯೂರಾನಿನ ಅಂಶ ಕಂಡರೆ ಸರಕನ್ನೇ ತಿರಸ್ಕರಿಸುತ್ತಾರೆ. ನಮ್ಮ ಮಕ್ಕಳು ಉಣ್ಣುವ ಸಿಗಡಿಗೂ ಅಷ್ಟೇ ಕಟ್ಟುನಿಟ್ಟು ಬೇಡವೇ? ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯು ಇದೇ ನಗರದಲ್ಲಿ, ಮೀನಿನ ಆಕಾರದ ಕಟ್ಟಡದಲ್ಲಿಯೇ ಇದೆ. ಚಿಲ್ಲರೆ ಮಾರುಕಟ್ಟೆಗಳಲ್ಲಿ ಇಂಥ ಪರೀಕ್ಷೆಯನ್ನು ನಿಯತವಾಗಿ ನಡೆಸಬೇಕೆಂದು ನಮ್ಮ ಸಂಘವು ಆ ಮಂಡಳಿಗೆ ಒಂದು ಮನವಿಯನ್ನು ಸಲ್ಲಿಸಬಹುದು.