ಎಥ್ನಿಕ್ ಡೇ ಉಳಿಯಿತು, ಸಂಘ ಹೋಯಿತು

ಕಾಲೇಜುಗಳಲ್ಲಿ ಹಿಂದಿನ ಕಳೆ ಇಲ್ಲ ಎಂಬ ಮಾತು ಬಂದಾಗಲೆಲ್ಲ ತಪ್ಪೆಲ್ಲ ಮೊಬೈಲಿನ ತಲೆಗೆ ಕಟ್ಟುವುದು ರೂಢಿ. ಆದರೆ ಎಥ್ನಿಕ್ ಡೇ ದಿನ ಯಾವುದಾದರೂ ಪದವಿ ಕಾಲೇಜಿನ ಗೇಟಿನತ್ತ ನೋಡಿ: ಗರಿಗರಿ ಪಂಚೆ, ಅಮ್ಮನ ರೇಷ್ಮೆ ಸೀರೆ, ತಮಟೆಯ ಸದ್ದು. ಹುಮ್ಮಸ್ಸು ಬತ್ತಿಲ್ಲ, ಕೈತಪ್ಪಿರುವುದು ಅಧಿಕಾರ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ಕಟ್ಟಿದ ಕರ್ನಾಟಕ ಸಂಘ 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಹೊರಡಿಸಿತು. ಕಾಲೇಜಿನ ಸಂಘವೊಂದು ಶುರು ಮಾಡಿದ ಆ ಪತ್ರಿಕೆಯನ್ನು ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಇಂದು ಎಷ್ಟೋ ಕಾಲೇಜುಗಳಲ್ಲಿ ಗೋಡೆಪತ್ರಿಕೆಗೂ ಮೇಲಿನವರ ಸಹಿ ಬೇಕು. ಎಂಬತ್ತರ ದಶಕದ ಕೊನೆಗೆ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ಬಹುತೇಕ ಕಡೆ ಪ್ರತಿನಿಧಿಗಳನ್ನು ಅಂಕಪಟ್ಟಿ ನೋಡಿ ನೇಮಿಸುವುದೇ ಪದ್ಧತಿಯಾಯಿತು. ಸೆಮಿಸ್ಟರ್ ಬಂದ ಮೇಲಂತೂ ಇಂಟರ್ನಲ್ಸ್ ಮುಗಿಸುವಷ್ಟರಲ್ಲಿ ಪರೀಕ್ಷೆ. ಹೀಗಿರುವಾಗ ಅನುಮತಿ ಸುಲಭವಾಗಿ ಸಿಗುವ, ಫೋಟೊ ಚೆನ್ನಾಗಿ ಬರುವ ಆಚರಣೆಗಳಷ್ಟೇ ಉಳಿದರೆ ಅದು ಹುಡುಗರ ತಪ್ಪಲ್ಲ.

ಹಳೆಯದೆಲ್ಲ ಹೊನ್ನಾಗಿತ್ತೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. 1973ರ ಬೂಸಾ ಗಲಾಟೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಸಚಿವ ಬಿ. ಬಸವಲಿಂಗಪ್ಪನವರ ವಿರುದ್ಧ ಬೀದಿಗಿಳಿದವರೂ ವಿದ್ಯಾರ್ಥಿಗಳೇ, ಆಗ ಪೆಟ್ಟು ತಿಂದ ದಲಿತರೂ ವಿದ್ಯಾರ್ಥಿಗಳೇ. ಹಳೆಯ ಸಂಘಗಳಲ್ಲಿ ಹೆಣ್ಣುಮಕ್ಕಳ ದನಿ ಕೇಳಿದ್ದಂತೂ ಅಪರೂಪ. ಆದರೆ ದಲಿತ ಚಳವಳಿ ಗಟ್ಟಿಯಾದದ್ದೂ ಆ ಜಗಳದ ಕಾವಿನಲ್ಲೇ ಎಂಬುದನ್ನು ಮರೆಯಬಾರದು. ಅನೇಕ ಸರ್ಕಾರಿ ಕಾಲೇಜುಗಳಲ್ಲಿ ಹುಡುಗಿಯರೇ ಹೆಚ್ಚಾಗಿರುವ ಈ ಹೊತ್ತಿನಲ್ಲಿ ಮತದ ಹಕ್ಕು ಇಲ್ಲದಿರುವುದು ವಿಚಿತ್ರ. ಚುನಾವಣೆ ಮರಳಿದರೆ ಹಣ, ಜಾತಿ, ಹೊಡೆದಾಟ ವಾಪಸು ಬರುತ್ತವೆ ಎಂಬ ಭಯ ಸುಳ್ಳಲ್ಲ; ಅದಕ್ಕೆಂದೇ ಲಿಂಗ್ಡೊ ಸಮಿತಿ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಯಮ ರೂಪಿಸಿತು, 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಅಚ್ಚಾದ ಪೋಸ್ಟರ್ ಹಚ್ಚುವಂತಿಲ್ಲ, ಕೈಯಲ್ಲಿ ಬರೆದದ್ದೇ ಆಗಬೇಕು. ಈ ನಿಯಮಗಳನ್ನು ಮುರಿಯುವವರು ಇದ್ದೇ ಇರುತ್ತಾರೆ. ವಿಧಾನಸಭೆಯ ಚುನಾವಣೆಯಲ್ಲೂ ಇದ್ದಾರೆ, ಹಾಗೆಂದು ಅದನ್ನು ಯಾರೂ ನಿಲ್ಲಿಸಿಲ್ಲ. ಒಮ್ಮೆಲೇ ಬೇಡವೆನ್ನುವುದಾದರೆ ವಿಭಾಗದ ಸಂಘಗಳಿಂದ ಶುರುವಾಗಲಿ. ಪ್ರವೇಶದ ದಿನ ಯೂನಿಯನ್, ಮ್ಯಾಗಜೀನ್ ಎಂದು ರಸೀದಿ ಹರಿದು ವಸೂಲು ಮಾಡುವ ಶುಲ್ಕ ಎಲ್ಲಿ ಖರ್ಚಾಗಬೇಕೆಂಬುದನ್ನಾದರೂ ಅದನ್ನು ಕಟ್ಟಿದವರೇ ತೀರ್ಮಾನಿಸಲಿ.