ಗುಜರಿ ಫ್ಯಾನೂ ಹಳ್ಳದ ನೀರೂ

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ನೆರೆಮನೆಯವರ ಹಳೆಯ ಡೀಸೆಲ್ ಜೀಪು ಘಾಟಿಯ ಏರಿನಲ್ಲಿ ಮೂರು ಕಡೆ ಕುದಿದು ನಿಂತಿತು. ಹಿಂದಿನ ಸೀಟಿನಲ್ಲಿ ಉಬ್ಬಸದಿಂದ ಬಳಲುತ್ತಿದ್ದ ಅವರ ತಾಯಿ ಒರಗಿ ಕುಳಿತಿದ್ದರು. ನಾನೂ ಜೊತೆಗಿದ್ದೆ. ಕುದಿಯುವ ರೇಡಿಯೇಟರಿನ ಮುಚ್ಚಳವನ್ನು ತೆರೆಯುವಂತಿಲ್ಲ. ತೆರೆದರೆ ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ. ಪ್ರತಿ ಸಲವೂ ಬಾನೆಟ್ ಎತ್ತಿ, ಎಂಜಿನ್ ತಣಿಯುವವರೆಗೆ ಕಾಯುವುದರ ಹೊರತು ಬೇರೆ ದಾರಿ ಇರಲಿಲ್ಲ. ಆ ತಾಯಿ ಆಸ್ಪತ್ರೆ ತಲುಪಿ ಗುಣಮುಖರಾಗಿ ಮರಳಿದ್ದು ನಮ್ಮೆಲ್ಲರ ಪುಣ್ಯ. ಆದರೆ ರಸ್ತೆಯ ಬದಿಯಲ್ಲಿ ಕಳೆದ ಆ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ.

ಆ ವಾರವೇ ಜೀಪು ಪೇಟೆಯ ಗ್ಯಾರೇಜಿಗೆ ಹೋಯಿತು. ಹೊಸ ವಾಹನ ಕೊಳ್ಳುವ ಶಕ್ತಿ ಆ ಮನೆಗಿಲ್ಲ. ಮೆಕ್ಯಾನಿಕ್ ಹೇಳಿದ ಪರಿಹಾರ ಸರಳವಾಗಿತ್ತು: "ಗುಜರಿಯಿಂದ ಒಂದು ಕರೆಂಟ್ ಫ್ಯಾನ್ ತಂದು ಹಾಕಣ ಸಾರ್, ಸರಿ ಹೋಗ್ತದೆ." ಒಂದು ಫ್ಯಾನಿನ ಕತೆಗೆ ಈ ಪತ್ರಿಕೆಯಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಅದೇ ಗ್ಯಾರೇಜಿನಲ್ಲಿ, ಅದೇ ವಾರ, ಅದೇ ಬಗೆಯ ಇನ್ನೊಂದು ಗುಜರಿ ಫ್ಯಾನು ಇನ್ನೊಂದು ಜೀಪಿಗೂ ಏರಿತು. ಮಳೆ ಹಿಡಿದ ಮೇಲೆ ಆ ಜೀಪು ನಮ್ಮ ಹಳ್ಳಕ್ಕೆ ಇಳಿಯಿತು. ನನ್ನ ತಕರಾರು ಇರುವುದು ಅಲ್ಲಿ.

ಫ್ಯಾನು ಮಾಡುವ ಕೆಲಸ

ವಿದ್ಯಾರ್ಥಿ ಮಿತ್ರರಿಗಾಗಿ ಮೊದಲು ವಿಷಯವನ್ನು ವಿವರಿಸುತ್ತೇನೆ. ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ದೊಡ್ಡ ಪಾಲು ಚಕ್ರಕ್ಕೆ ಸಲ್ಲದೆ ಶಾಖವಾಗಿ ಹೊರಬೀಳುತ್ತದೆ. ಅದರ ಒಂದಂಶವನ್ನು ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ; ಗಾಳಿ ಅದನ್ನು ಒಯ್ಯುತ್ತದೆ. ಹಳೆಯ ಜೀಪುಗಳಲ್ಲಿ ಈ ಗಾಳಿಯನ್ನು ಎಳೆಯುವ ಫ್ಯಾನನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ಬಯಲು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿಯೇ ಸಾಕಾಗುವುದರಿಂದ ಈ ಫ್ಯಾನು ಬಹುಮಟ್ಟಿಗೆ ಅನಗತ್ಯ. ಆದರೂ ಅದು ತಿರುಗುತ್ತಲೇ ಇರುತ್ತದೆ. ಫ್ಯಾನಿನ ವೇಗ ಇಮ್ಮಡಿಯಾದರೆ ಅದು ಹೀರುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆಂಬುದನ್ನು ನೆನಪಿಡಬೇಕು. ಅದೇ ಜೀಪು ಭಾರ ಹೊತ್ತು ಏರಿನಲ್ಲಿ ತೆವಳುವಾಗ ಎದುರುಗಾಳಿ ಇರುವುದಿಲ್ಲ, ಎಂಜಿನ್ನಿನ ಸುತ್ತು ಕುಸಿದೊಡನೆ ಫ್ಯಾನೂ ನಿಧಾನವಾಗುತ್ತದೆ. ಗಾಳಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಗಾಳಿ ಕಡಿಮೆಯಾಗುತ್ತದೆ.

ಇದಲ್ಲದೆ ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ. ಸುಮಾರು ಪ್ರತಿ 300 ಮೀಟರಿಗೆ ಕುದಿಬಿಂದು 1 ಡಿಗ್ರಿ ಇಳಿಯುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲೆ ತೆರೆದ ಪಾತ್ರೆಯ ನೀರು 95-96 ಡಿಗ್ರಿಯಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಈ ಬಿಂದುವನ್ನು ಮೇಲಕ್ಕೆ ಒಯ್ಯುತ್ತದೆ. ಆ ಮುಚ್ಚಳದ ರಬ್ಬರು ಸವೆದಿದ್ದರೆ ಯಾವ ಫ್ಯಾನೂ ಪೂರ್ತಿ ರಕ್ಷಿಸಲಾರದು.

ವಿದ್ಯುತ್ ಫ್ಯಾನಿಗೆ ಎಂಜಿನ್ನಿನ ವೇಗದ ಹಂಗಿಲ್ಲ. ನೀರು ಬಿಸಿಯಾದಾಗ ಶಾಖದ ಸ್ವಿಚ್ಚು ಅದನ್ನು ಚಾಲೂ ಮಾಡುತ್ತದೆ, ತಣಿದಾಗ ನಿಲ್ಲಿಸುತ್ತದೆ. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ ಕಾರುಗಳಲ್ಲಿ ಬೆಲ್ಟಿನ ಫ್ಯಾನು ರೇಡಿಯೇಟರಿಗೆ ಎದುರಾಗದ ಕಾರಣ ವಿದ್ಯುತ್ ಫ್ಯಾನೇ ಬಂತು. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಅಂಥದೇ ಕಾರು. ನಮ್ಮ ಗುಜರಿ ಅಂಗಡಿಗಳಲ್ಲಿ ಇಂಥ ಫ್ಯಾನುಗಳು ಸಿಗುವುದು ಈ ಕಾರಣದಿಂದ.

ಆದರೆ ಮೆಕ್ಯಾನಿಕ್ ಆ ಕಾರಿನ ಫ್ಯಾನನ್ನು ಮುಟ್ಟಲಿಲ್ಲ. 796 ಸಿ.ಸಿ. ಎಂಜಿನ್ನಿಗೆಂದು ಮಾಡಿದ್ದು ಎರಡು ಸಾವಿರ ಸಿ.ಸಿ. ಮೀರಿದ ಡೀಸೆಲ್ ಎಂಜಿನ್ನಿಗೆ ಸಾಲದು ಎಂಬುದು ಆತನಿಗೆ ಗೊತ್ತು. ಅಪಘಾತದಲ್ಲಿ ನಜ್ಜುಗುಜ್ಜಾದ ದೊಡ್ಡ ಡೀಸೆಲ್ ಕಾರೊಂದರ ಫ್ಯಾನನ್ನು, ಅದರ ಸುತ್ತಲಿನ ಪ್ಲಾಸ್ಟಿಕ್ ಕವಚದ ಸಮೇತ ಬಿಚ್ಚಿ ತಂದ. ಕವಚವಿಲ್ಲದಿದ್ದರೆ ಗಾಳಿ ರೇಡಿಯೇಟರಿನ ಮೂಲಕ ಹಾಯದೆ ಬದಿಯಿಂದ ನುಸುಳಿ ವ್ಯರ್ಥವಾಗುತ್ತದೆ. ಗಾಳಿ ಎಳೆಯುವ ಫ್ಯಾನನ್ನು ರೇಡಿಯೇಟರಿನ ಹಿಂದೆಯೇ ಕೂರಿಸಬೇಕು. ಮುಂದೆ ಕೂರಿಸಿ ತಂತಿ ಅದಲುಬದಲು ಮಾಡಿದರೆ ಅದು ಹಿಮ್ಮುಖವಾಗಿ ತಿರುಗೀತು, ಆದರೆ ರೆಕ್ಕೆಗಳ ಬಾಗು ತಲೆಕೆಳಗಾದುದರಿಂದ ಗಾಳಿ ಸೊರಗುತ್ತದೆ. 12 ವೋಲ್ಟಿನಲ್ಲಿ 15 ಆಂಪಿಯರ್ ಎಳೆಯುವ ಫ್ಯಾನೆಂದರೆ 180 ವ್ಯಾಟಿನ ಹೊರೆ. ಅದಕ್ಕೆ ದಪ್ಪ ತಂತಿ, ರಿಲೇ, ಫ್ಯೂಸು ಮೂರೂ ಬೇಕು. ಇಲ್ಲವಾದರೆ ಬಾನೆಟ್ಟಿನಡಿ ಬೆಂಕಿ ಹೊತ್ತಿಕೊಳ್ಳಬಹುದು. ಹಳೆಯ ಫ್ಯಾನನ್ನು ತೆಗೆದರೂ ಬೆಲ್ಟನ್ನು ತೆಗೆಯುವಂತಿಲ್ಲ, ನೀರಿನ ಪಂಪನ್ನು ತಿರುಗಿಸುವುದು ಅದೇ. ತೆಗೆದ ಫ್ಯಾನನ್ನೂ ಒಂದು ಸ್ಪ್ಯಾನರನ್ನೂ ಸೀಟಿನಡಿ ಇಟ್ಟುಕೊಳ್ಳುವಂತೆ ಆತ ಹೇಳಿ ಕಳುಹಿಸಿದ.

ಇದೆಲ್ಲಕ್ಕೂ ಮೊದಲು ಆತ ಮಾಡಿದ್ದು ರೇಡಿಯೇಟರನ್ನು ಹಿಂದಿನಿಂದ ನೀರು ಹಾಯಿಸಿ ತೊಳೆಯುವ ಕೆಲಸ. ಅದರ ಸಂದುಗಳಿಂದ ಕೆಸರು, ಕೀಟಗಳು, ಹುಲ್ಲಿನ ಬೀಜಗಳು ಬೊಗಸೆಗಟ್ಟಲೆ ಉದುರಿದವು. ಆ ಬೀಜಗಳನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನೊಂದು ಸ್ವಿಚ್ಚು

ಎರಡನೆಯ ಜೀಪು ನಗರದವರದು. ಎದೆಯೆತ್ತರದ ಟಯರು, ಮಾಡಿನ ಮಟ್ಟಕ್ಕೆ ಎತ್ತಿದ ಗಾಳಿಕೊಳವೆ, ಮುಂದೆ ಉಕ್ಕಿನ ಹಗ್ಗದ ರಾಟೆ. ಅದಕ್ಕೆ ಏರಿದ ಫ್ಯಾನಿಗೆ ಶಾಖದ ಸ್ವಿಚ್ಚಿನ ಜೊತೆಗೆ ಚಾಲಕನ ಕೈಗೆಟಕುವಂತೆ ಇನ್ನೊಂದು ಸ್ವಿಚ್ಚು. ಅದೇಕೆಂದು ಕೇಳಿದೆ. ನೀರಿಗಿಳಿದಾಗ ಫ್ಯಾನನ್ನು ನಿಲ್ಲಿಸುವುದಕ್ಕೆ ಎಂಬ ಉತ್ತರ ಬಂತು. ತಿರುಗುವ ಫ್ಯಾನಿಗೆ ನೀರು ತಗುಲಿದರೆ ರೆಕ್ಕೆಗಳು ಮುಂದಕ್ಕೆ ಬಾಗಿ ರೇಡಿಯೇಟರನ್ನು ಸೀಳಬಹುದು, ನೀರು ಎಂಜಿನ್ನಿನ ಮೇಲೆಲ್ಲ ಎರಚಬಹುದು. ಬೆಲ್ಟಿನ ಫ್ಯಾನನ್ನು ನಿಲ್ಲಿಸಲಾಗದು; ವಿದ್ಯುತ್ ಫ್ಯಾನನ್ನು ನಿಲ್ಲಿಸಬಹುದು.

ಮಳೆಗಾಲದ ಒಂದು ಭಾನುವಾರ ಅಂಥ ಜೀಪುಗಳ ಸಾಲೊಂದು ನಮ್ಮ ಹಳ್ಳದಲ್ಲಿ ಕಾಣಿಸಿಕೊಂಡಿತು. ಅವು ಹಳ್ಳವನ್ನು ದಾಟಲಿಲ್ಲ. ಹಳ್ಳವನ್ನೇ ರಸ್ತೆಯಾಗಿ ಮಾಡಿಕೊಂಡು ಮೇಲಕ್ಕೂ ಕೆಳಕ್ಕೂ ಓಡಾಡಿದವು. ಕೆಳಗಿನ ಮನೆಗಳ ಅಬ್ಬಿ ನೀರು ಸಂಜೆಯವರೆಗೂ ಕೆಂಪಾಗಿಯೇ ಬಂತು. ವಿಚಾರಿಸಲು ಹೋದವರಿಗೆ ದೊರೆತ ಉತ್ತರ ಸ್ವಾರಸ್ಯಕರವಾಗಿತ್ತು: "ನಾವೂ ಪರಿಸರಪ್ರೇಮಿಗಳೇ ಸಾರ್. ಹಳೇ ಗಾಡಿ, ಗುಜರಿ ಸಾಮಾನು, ಎಲ್ಲಾ ಮರುಬಳಕೆ."

ಈ ವಾದವನ್ನು ನಾನು ಸಾರಾಸಗಟಾಗಿ ತಿರಸ್ಕರಿಸುತ್ತೇನೆ. ಗುಜರಿಯಿಂದ ತಂದ ಮಾತ್ರಕ್ಕೆ ಒಂದು ವಸ್ತು ಪವಿತ್ರವಾಗುವುದಿಲ್ಲ. ಮರುಬಳಕೆಯ ಬೆಲೆ ಅದು ಪೂರೈಸುವ ಅಗತ್ಯದಲ್ಲಿದೆ. ಕೆಲವು ಕಿಲೋ ಲೋಹ, ಪ್ಲಾಸ್ಟಿಕ್ ಉಳಿಸಿದ ಲೆಕ್ಕವನ್ನು ಮುಂದಿಟ್ಟು ಒಂದು ಹಳ್ಳವನ್ನೇ ಕಲಕುವವರು ಉಳಿತಾಯದ ಮಾತಾಡಬಾರದು.

ಹಳ್ಳದ ತಳವೆಂದರೆ ಬರಿಯ ಕಲ್ಲು, ಮರಳಲ್ಲ. ನಮ್ಮ ಮಲೆನಾಡಿನ ಕೊಟ್ಟಿಗೆಹಾರದ ಹೆಸರನ್ನು ಹೊತ್ತ ನರ್ತಿಸುವ ಕಪ್ಪೆಯೊಂದಿದೆ. ಅದರ ಹೆಣ್ಣು ಹಳ್ಳದ ತಳದ ಜಲ್ಲಿಯಲ್ಲಿ ಹಿಂಗಾಲಿನಿಂದ ಗುಳಿ ತೋಡಿ, ಮೊಟ್ಟೆಯಿಟ್ಟು ಮುಚ್ಚುತ್ತದೆ. ಮೊದಲ ಮಳೆಗೆ ಹೊಸ ನೀರನ್ನು ಹತ್ತಿ ಬರುವ ಮೀನುಗಳೂ ಮೊಟ್ಟೆಯಿಡುವುದಕ್ಕೇ ಬರುತ್ತವೆ. ಆ ಜಲ್ಲಿಯ ಸಂದುಗಳಲ್ಲಿ ಹೂಳು ತುಂಬಿದರೆ ಮೊಟ್ಟೆಗಳಿಗೆ ಆಮ್ಲಜನಕ ತಲುಪುವುದಿಲ್ಲ. ಎರಡು ಟನ್ನಿನ ವಾಹನ ಮೇಲೆ ಹರಿದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ.

ಗುಡ್ಡದ ಹುಲ್ಲುಗಾವಲಿನ ಪಾಡೂ ಇದೇ. ಚಕ್ರದಡಿ ಅದುಮಿದ ಮಣ್ಣು ನೀರನ್ನು ಇಂಗಿಸಿಕೊಳ್ಳುವುದಿಲ್ಲ. ಇಳಿಜಾರಿನ ನೇರಕ್ಕೆ ಬಿದ್ದ ಚಕ್ರದ ಜಾಡು ಒಂದೇ ಮಳೆಗಾಲದಲ್ಲಿ ಕೊರಕಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಇಂಥ ಸೀಮೆಯಲ್ಲಿ ಆ ಕೊರಕಲು ಎಲ್ಲಿಗೆ ಮುಟ್ಟೀತು? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡ ನಾವು, ಇಳಿಜಾರಿನ ಮಣ್ಣನ್ನು ಆಟದ ವಸ್ತುವಾಗಿ ಬಿಟ್ಟುಕೊಡಬಹುದೇ?

ಇನ್ನು ರೇಡಿಯೇಟರಿನಿಂದ ಉದುರಿದ ಬೀಜಗಳು. ಪಾರ್ಥೇನಿಯಂ ಕಳೆ ನಮ್ಮ ದೇಶದಲ್ಲಿ ಹಬ್ಬತೊಡಗಿದ್ದು 1950ರ ದಶಕದಿಂದ ಈಚೆಗೆ. ಅದು ವಾಹನಗಳ ಕೆಸರಿನಲ್ಲಿ ಊರಿಂದೂರಿಗೆ ಹೋಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಕಳೆಯನ್ನು ತಡೆಯಲೆಂದೇ ವಾಹನ ತೊಳೆಯುವ ತಾಣಗಳನ್ನು ಕಟ್ಟಿದ್ದಾರೆ. ಹತ್ತು ಊರುಗಳ ಕೆಸರನ್ನು ಹೊತ್ತ ವಾಹನಗಳು ನೇರವಾಗಿ ಗುಡ್ಡದ ತಲೆಗೆ ಏರಿದರೆ, ನಾಳೆ ಅಲ್ಲಿ ಬೆಳೆಯುವ ಕಳೆಯನ್ನು ಕೀಳುವವರು ಯಾರು?

ನಮ್ಮವರಿಗೂ ಒಂದು ಮಾತು

ಇಷ್ಟು ಹೇಳಿದೊಡನೆ ಚಳವಳಿಯ ಕೆಲವು ಗೆಳೆಯರು, ಹಾಗಾದರೆ ಈ ಹಳೆಯ ಜೀಪುಗಳನ್ನೆಲ್ಲ ಗುಜರಿಗೆ ಹಾಕಿಬಿಡಲಿ ಎನ್ನುತ್ತಾರೆ. ಸರ್ಕಾರದ ಒಲವೂ ಆ ಕಡೆಗೇ ಇದೆ. ವಾಹನ ಗುಜರಿ ಕೇಂದ್ರಗಳ ನಿಯಮಗಳು 2021ರಲ್ಲಿ ಬಂದವು. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಹೊಸ ವಾಹನದ ಉಕ್ಕು, ರಬ್ಬರು, ಪ್ಲಾಸ್ಟಿಕ್ ಯಾವುದೋ ಗಣಿಯಿಂದ, ಯಾವುದೋ ತೋಟದಿಂದ, ಯಾವುದೋ ಕಾರ್ಖಾನೆಯಿಂದಲೇ ಬರಬೇಕು. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡಿ, ಅಡಿಕೆ ಮೂಟೆಯನ್ನೂ ಬಾಣಂತಿಯನ್ನೂ ಹೊರುವ ಜೀಪನ್ನು ವಯಸ್ಸಿನ ಕಾರಣಕ್ಕಾಗಿ ಮುರಿಯುವುದು ಯಾವ ಪರಿಸರ ನೀತಿ? ಹಳೆಯ ಡೀಸೆಲ್ ಎಂಜಿನ್ನಿನ ಹೊಗೆ ಕೆಟ್ಟದ್ದೆಂಬುದು ನಿಜ. ಉಬ್ಬಸದ ರೋಗಿಯನ್ನು ಹೊತ್ತ ಜೀಪಿನ ವಿಷಯದಲ್ಲಿ ಅದನ್ನು ನಾನು ಮರೆಯಲಾರೆ. ಆದ್ದರಿಂದ ಹೊಗೆಯನ್ನು ಅಳೆಯಲಿ, ನಾಜಲ್ಲು ಸರ್ವಿಸ್ ಮಾಡಿಸದವನಿಗೆ ದಂಡ ಹಾಕಲಿ. ಹುಟ್ಟಿದ ವರ್ಷವನ್ನು ನೋಡಿ ಶಿಕ್ಷೆ ಕೊಡುವುದು ಬೇಡ.

ಹಳ್ಳಿಯವರೂ ಹಳ್ಳ ದಾಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ದಾಟುತ್ತಾರೆ, ಸೇತುವೆ ಇಲ್ಲದಿರುವುದರಿಂದ. ಒಂದು ನಿಗದಿತ ಜಾಗದಲ್ಲಿ, ಅಡ್ಡಕ್ಕೆ, ಅನಿವಾರ್ಯವಾಗಿ ದಾಟುತ್ತಾರೆ. ಅವರಿಗೆ ಬೇಕಾದುದು ಸೇತುವೆ. ಹಳ್ಳದಲ್ಲೇ ಉದ್ದಕ್ಕೆ ಓಡಾಡಿ ಖುಷಿಪಡುವವರೊಂದಿಗೆ ಅವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಕೊಟ್ಟಿಗೆಗೆ ಒಂದು ಹೊರೆ ದರಗು ತಂದ ಹೆಂಗಸನ್ನು ತಡೆದು ಪ್ರಶ್ನಿಸುವ ವ್ಯವಸ್ಥೆಗೆ ಈ ಜೀಪುಗಳ ಸಾಲು ಕಣ್ಣಿಗೆ ಬೀಳುವುದಿಲ್ಲವೆಂದರೆ ನಂಬುವುದು ಹೇಗೆ?

ಆಗಬೇಕಾದುದು

ಅಭಯಾರಣ್ಯದೊಳಗೆ ಅನುಮತಿಯಿಲ್ಲದ ಪ್ರವೇಶವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ. ನಮ್ಮ ಹೆಚ್ಚಿನ ಹಳ್ಳಗಳು, ಹುಲ್ಲುಗುಡ್ಡಗಳು ಇರುವುದು ಅದರ ಹೊರಗೆ. ಅವುಗಳನ್ನು ಕಾಯಬೇಕಾದವರು ನಾವೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಲವೆಡೆ ಅದು ಕಾಗದದಲ್ಲೇ ಉಳಿದಿದೆ. ಬರುವ ಗ್ರಾಮಸಭೆಯಲ್ಲಿ ಆ ಸಮಿತಿಯ ಸಭೆ ಕೊನೆಯದಾಗಿ ಎಂದು ಸೇರಿತ್ತೆಂದು ಕೇಳಿರಿ. ಹಳ್ಳದ ಪಾತ್ರದಲ್ಲಿ, ಹುಲ್ಲುಗುಡ್ಡದಲ್ಲಿ ಮೋಜಿನ ವಾಹನ ಓಡಿಸಬಾರದೆಂದು ಠರಾವು ಮಾಡಿಸಿರಿ. ವಿದ್ಯಾರ್ಥಿಗಳು ತಮ್ಮ ಊರಿನ ಗುಡ್ಡದ ಚಕ್ರದ ಜಾಡುಗಳ ಅಗಲ, ಆಳವನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯಾದ ಮೇಲೆ ಒಮ್ಮೆ ಅಳೆದು ಬರೆದಿಡಲಿ. ಅಳತೆಯ ಪುಸ್ತಕದ ಮುಂದೆ ಅಧಿಕಾರಿಯ ಹಾರಿಕೆಯ ಉತ್ತರ ಬಹಳ ಹೊತ್ತು ನಿಲ್ಲದು. ಹೋಂಸ್ಟೇ ನಡೆಸುವ ನಮ್ಮವರೂ ಇಂಥ ಸವಾರಿಗಳಿಗೆ ದಾರಿ ತೋರಿಸುವುದನ್ನು ನಿಲ್ಲಿಸಲಿ. ನಾಳೆ ಬತ್ತುವುದು ಅವರದೇ ಅಬ್ಬಿ ನೀರು.

ಗ್ಯಾರೇಜಿನ ಗೆಳೆಯನ ಮೇಲೆ ನನಗೆ ಸಿಟ್ಟಿಲ್ಲ. ಆತನ ಕೈಕೆಲಸ ಈ ಮಲೆನಾಡಿಗೆ ಬೇಕು. ನೆರೆಮನೆಯವರ ಜೀಪು ಈಗ ಅದೇ ಏರನ್ನು ನಿಲ್ಲದೆ ಹತ್ತುತ್ತದೆ. ಕೊನೆಯ ತಿರುವಿನಲ್ಲಿ ಫ್ಯಾನು ಗುಂಯ್ಯೆಂದು ಚಾಲೂ ಆಗುವುದು ಒಳಗೆ ಕುಳಿತವರಿಗೆ ಕೇಳಿಸುತ್ತದೆ. ಅದಕ್ಕೆ ಕೈಯಿಂದ ಒತ್ತುವ ಎರಡನೆಯ ಸ್ವಿಚ್ಚು ಇಲ್ಲ, ಬೇಕಾಗಿಯೂ ಇಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ನಮ್ಮ ಪಂಚಾಯಿತಿಯ ಠರಾವು ಆಗಲೇಬೇಕು. ನಿಮ್ಮ ಪಂಚಾಯಿತಿಯದು ಯಾವಾಗ?